ಹದಿನಾರರ ಆಚೆ

ಸಾಲ್ಮನ್ ಕಂಪನಿ ಬಾಗಿಲು ಹಾಕಿಕೊಂಡು ಹೋದಾಗ
ನಮ್ಮ ದ್ವೀಪದ ಆಸ್ಪತ್ರೆಗೆ ಬಿಟ್ಟುಹೋದದ್ದು
ಎರಡು ಕುರ್ಚಿ, ಒಂದು ತಕ್ಕಡಿ,
ಮತ್ತೆ ಈ ತಿನ್ ಕ್ಲೈಂಟ್.
ಜಪದ ಪುಸ್ತಕದಷ್ಟು ದಪ್ಪ. ಫ್ಯಾನಿಲ್ಲ, ಸದ್ದಿಲ್ಲ.
ಮುಟ್ಟಿದರೆ ಮಾತ್ರ ಬೆಚ್ಚಗೆ,
ಕಾವಿಗೆ ಕೂತ ಕೋಳಿಯ ಹೊಟ್ಟೆಯ ಹಾಗೆ.

ಲಸಿಕೆಯ ಫ್ರಿಜ್ಜಿನ ಉಷ್ಣವನ್ನು
ಹತ್ತು ನಿಮಿಷಕ್ಕೊಮ್ಮೆ ಬರೆದಿಡುವುದು ಅದರ ಕೆಲಸ.
ಆರು ವರ್ಷ ಬರೆಯಿತು.
ಮಾರ್ಚ್ ಮೂರರ ರಾತ್ರಿ
ಜಾಗವಿಲ್ಲ ಎಂದಿತು.
ಅಷ್ಟೇ.

ಕಾಸ್ತ್ರೊ ಪೇಟೆಯಿಂದ ದೋಣಿಯಲ್ಲಿ ಹೊಸ ಡಿಸ್ಕ್ ಬಂತು,
ಬೆರಳುದ್ದ, ನೂರ ಇಪ್ಪತ್ತೆಂಟು ಜಿಬಿ.
ಹಳೆಯದನ್ನು ಇದ್ದಂತೆಯೇ ಇದರ ಮೇಲೆ ಅಚ್ಚೊತ್ತಿದರು
ಬೆಲಾರ್ಮಿನೊ. ಮೂವತ್ತು ವರ್ಷ ದೋಣಿಯೆಂಜಿನ್ ಬಿಚ್ಚಿದ ಕೈ,
ಉಗುರ ಸಂದಿಯಲ್ಲಿ ಇನ್ನೂ ಡೀಸೆಲ್.
ಚಾಲೂ ಮಾಡಿದರೆ, ಅದೇ ಹದಿನಾರು!
ಬೆಣ್ಣೆ ಅಂಗೈಯಲ್ಲಿ, ತುಪ್ಪಕ್ಕೆ ಊರೆಲ್ಲ ಅಲೆತ.

‘ಬದು ಹಳೆಯದು, ಎರ್ಮೆಲಿಂದಾ,
ಹೊಲ ದೊಡ್ಡದಾಗಿದ್ದು ಬದುವಿಗೆ ಗೊತ್ತಿಲ್ಲ.’

ತಾನು ನಿಂತ ನೆಲವನ್ನು ತಾನೇ ಹಿಗ್ಗಿಸಲಾರದು;
ಪೆನ್‌ಡ್ರೈವಿನಿಂದ ಎಬ್ಬಿಸಿದೆವು.
ಪರದೆಯ ಮೇಲೊಂದು ಉದ್ದ ಪಟ್ಟಿ:
ಮೊದಲು ಕಿಕ್ಕಿರಿದ ಹಳದಿ,
ಪಕ್ಕಕ್ಕೆ ಒಂದು ಸಣ್ಣ ಕೆಂಪು ತುಂಡು,
ಅದರಾಚೆ ಬೂದು, ಬರೀ ಬೂದು,
ಯಾರ ಹೆಸರಿಗೂ ಬರೆಯದ ನೆಲ.
ನಡುವೆ ಅಡ್ಡ ನಿಂತ ಆ ಕೆಂಪೇ ಸ್ವಾಪ್.

ನನಗೆ ಓತೀಲಿಯಾ ಚಿಕ್ಕಮ್ಮನ ಮನೆ ನೆನಪಾಯಿತು.
ಚಿಲೋಯೆಯ ನಾವು ಮನೆ ಬದಲಿಸುವುದಿಲ್ಲ,
ಮನೆಯನ್ನೇ ಒಯ್ಯುತ್ತೇವೆ.
ಕೆಳಗೆ ದಿಮ್ಮಿ, ಮುಂದೆ ಹನ್ನೆರಡು ಜೋಡಿ ಎತ್ತು,
ಕೂಲಿ ಇಲ್ಲ, ಎಲ್ಲ ಮುಯ್ಯಾಳು,
ಇಳಿತದ ಹೊತ್ತಿಗೆ ಕೆಸರು ದಾಟಿಸಬೇಕು,
ನಡುವೆ ನಿಂತರೆ ಸಮುದ್ರ ಬರುತ್ತದೆ.
ಏಳು ವರ್ಷದ ನಾನು ಹಿಂದೆ ಹಿಂದೆ ಓಡುತ್ತ
ಕಿಟಕಿಯಲ್ಲಿ ಪರದೆ ಕುಣಿಯುವುದನ್ನು ನೋಡಿದ್ದೆ.

‘ಹಾಗಾದರೆ ಈ ಕೆಂಪನ್ನು ಆ ತುದಿಗೆ ಎಳೆಯಬೇಕು’ ಎಂದೆ.
ಕರೆಂಟು ಹೋದರೆ? ಜನರೇಟರ್ ಕೆಮ್ಮುತ್ತಿತ್ತು.
ಹಳೆಯ ಡಿಸ್ಕನ್ನು ಹತ್ತಿಯಲ್ಲಿ ಸುತ್ತಿ
ಥರ್ಮಾಮೀಟರಿನ ಡಬ್ಬಿಯಲ್ಲಿಟ್ಟು ಕೈಯಲ್ಲೇ ಹಿಡಿದಿದ್ದೆ.

ಅವರು ನಕ್ಕರು.
‘ಎಳೆಯುವುದೇಕೆ? ಅದರೊಳಗೆ ಯಾರೂ ಇಲ್ಲ.
ಅದು ಹೊರೆಗಲ್ಲು.
ತಲೆ ಸೋತಾಗ ಭಾರ ಇಳಿಸುತ್ತಾರೆ, ದಣಿವಾರಿದರೆ ಎತ್ತಿಕೊಳ್ಳುತ್ತಾರೆ.
ಯಾವ ಹೊರೆಯ ನೆನಪೂ ಕಲ್ಲಿಗಿಲ್ಲ.
ಕಿತ್ತುಹಾಕು, ಆ ತುದಿಯಲ್ಲಿ ಇನ್ನೊಂದು ನಿಲ್ಲಿಸು.’

ಕಿತ್ತೆವು. ಕೆಂಪು ಬೂದಿನಲ್ಲಿ ಕರಗಿತು.
ಹಳದಿಯ ಅಂಚು ಹಿಡಿದು ಬೆಲಾರ್ಮಿನೊ
ಮೌಸಿನಿಂದ ನಿಧಾನಕ್ಕೆ ಎಳೆದರು,
ಉಸಿರು ಕಟ್ಟಿ, ಕಂಬಳಿ ಎಳೆದು ಮಗುವಿಗೆ ಹೊದಿಸಿದಂತೆ.
ಕೊನೆಯಲ್ಲಿ ಒಂದು ಚೂರು ಉಳಿಸಿದರು ಹೊಸ ಕಲ್ಲಿಗೆ.
ಖಚಿತವೇ? ಎಂದು ಕೇಳಿತು ಯಂತ್ರ.
‘ನೀನೇ ಒತ್ತು, ಫ್ರಿಜ್ ನಿನ್ನದು.’
ಒತ್ತಿದೆ. ನಾಲ್ಕೇ ನಿಮಿಷ.
ಎತ್ತು ಬೇಕಾಗಲಿಲ್ಲ, ಯಾರೂ ಕೂಗಲಿಲ್ಲ,
ನನಗೆ ಸ್ವಲ್ಪ ನಿರಾಸೆಯೇ ಆಯಿತು.

ಆಮೇಲೆ ಮೊದಲ ಸಲ ಎದ್ದಾಗ
ಎಲ್ಲ ಬಿಟ್ಟು ಸುಮ್ಮನೆ ನಿಂತಿತು,
ಒಂದೂವರೆ ನಿಮಿಷ,
ಹಳೆಯ ಸ್ವಾಪ್ ಎಲ್ಲೋ ಇದ್ದೀತೆಂದು ಹುಡುಕುತ್ತ.
ಯಾವುದೋ ಫೈಲಿನಲ್ಲಿ ಅದರ ಗುರುತು ಉಳಿದಿತ್ತಂತೆ,
ಒಂದು ಸಾಲು ತಿದ್ದಿದರು, ಸರಿಹೋಯಿತು.
ಚಿಕ್ಕಮ್ಮನ ನಾಯಿಗೆ ತಿದ್ದುವ ಸಾಲಿರಲಿಲ್ಲ.
ಮನೆ ಹೋದ ಜಾಗದಲ್ಲಿ, ಬರೀ ನಾಲ್ಕು ಕುಣಿಗಳ ನಡುವೆ,
ಇಡೀ ಚಳಿಗಾಲ ಮಲಗಿತ್ತು.

ಮಾರ್ಚ್ ಹನ್ನೆರಡು, ಸಂಜೆ ಆರೂ ಹತ್ತು:
ನಾಲ್ಕು ಪಾಯಿಂಟ್ ಒಂದು ಡಿಗ್ರಿ.
ನೂರು ಜಿಬಿಗೂ ಮಿಕ್ಕ ಬಯಲಲ್ಲಿ ಮೊದಲ ಸಾಲು.
ಅದರ ಮೇಲಿನ ಒಂಬತ್ತು ದಿನ ಅದರಲ್ಲಿಲ್ಲ,
ನನ್ನ ನೋಟುಬುಕ್ಕಿನಲ್ಲಿದೆ,
ಪೆನ್ಸಿಲಿನಲ್ಲಿ, ನಿದ್ದೆಗಣ್ಣಿನ ಅಕ್ಷರ.